ಓಲೆ ತರುವವನೂ ಓಲೆ ಓದುವವನೂ: ಮನೆಯ ಸ್ಟ್ರೀಮರಿಗೆ ಹೊರಗಣ ಡ್ಯಾಕ್

ಮನೆಯ ಬಾನುಲಿಯೆಂದರೆ ಚಾವಡಿಯ ಗೋಡೆಗೆ ಹೊಡೆದ ಹಲಗೆಯ ಮೇಲೆ ಕಸೂತಿಯ ಬಟ್ಟೆ ಹೊದ್ದು ಕುಳಿತ ಮರದ ಪೆಟ್ಟಿಗೆ ಎಂಬ ಕಾಲವೊಂದಿತ್ತು. ಮಾಡಿನಿಂದ ಇಳಿದ ತಾಮ್ರದ ತಂತಿ ಅದರ ಬೆನ್ನಿಗೆ ಸೇರುತ್ತಿತ್ತು. ಒಳಗಿನ ಕವಾಟಗಳು ಕಾಯುವವರೆಗೆ ಮನೆಮಂದಿ ಸುಮ್ಮನಿರಬೇಕಾಗಿತ್ತು. ಅಲೆಯನ್ನು ಹಿಡಿಯುವುದು, ಅದರಿಂದ ಧ್ವನಿಯನ್ನು ಬಿಡಿಸುವುದು, ಬಿಡಿಸಿದುದನ್ನು ದೊಡ್ಡದು ಮಾಡುವುದು, ಕೊನೆಗೆ ಕಾಗದದ ಶಂಕುವನ್ನು ನಡುಗಿಸಿ ಕಿವಿಗೆ ಮುಟ್ಟಿಸುವುದು, ಈ ನಾಲ್ಕು ಕೆಲಸಗಳೂ ಒಂದೇ ಪೆಟ್ಟಿಗೆಯಲ್ಲಿ ನಡೆಯುತ್ತಿದ್ದವು. ಈಗ ಆ ಕೂಡುಕುಟುಂಬ ಪಾಲಾಗಿದೆ. ಧ್ವನಿ ಬರುವುದು ಇಂಟರ್‌ನೆಟ್ಟಿನ ಮೂಲಕ; ಅದನ್ನು ಬರಮಾಡಿಕೊಳ್ಳುವುದು ಅಂಗೈಯಗಲದ ಒಂದು ಪೆಟ್ಟಿಗೆ; ವರ್ಧಕ ಬೇರೆ, ಸ್ಪೀಕರುಗಳು ಬೇರೆ. ಪಾಲಾದ ಮನೆಯಲ್ಲಿ ಯಾರ ಕೆಲಸ ಯಾವುದೆಂದು ತಿಳಿಯದಿದ್ದರೆ ದುಡ್ಡು ತಪ್ಪು ಜಾಗದಲ್ಲಿ ಸೋರಿಹೋಗುತ್ತದೆ.

ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳ ಪೇಟೆಮನೆಗಳಲ್ಲಿ ಇಂಥ ಏರ್ಪಾಡು ಈಗ ಅಪೂರ್ವವಲ್ಲ. 1976ರಲ್ಲಿ ಆರಂಭವಾದ ಮಂಗಳೂರು ಆಕಾಶವಾಣಿಯನ್ನೂ, ಬೆಂಗಳೂರಿನ ಅಮೃತವರ್ಷಿಣಿಯನ್ನೂ, 2016ರ ಜನವರಿ 26ರಂದು ಶುರುವಾದ ಶಾಸ್ತ್ರೀಯ ಸಂಗೀತದ ‘ರಾಗಂ’ ವಾಹಿನಿಯನ್ನೂ ಪ್ರಸಾರ ಭಾರತಿಯ ನ್ಯೂಸ್ ಆನ್ ಏರ್ ಆ್ಯಪ್‌ನಿಂದ ಕೇಳುವವರಿದ್ದಾರೆ. ಹಳೆಯ ಸಿ.ಡಿ.ಗಳನ್ನೂ ತಾಳಮದ್ದಳೆಯ ಕ್ಯಾಸೆಟ್ಟುಗಳನ್ನೂ ಹಾರ್ಡ್ ಡಿಸ್ಕಿಗೆ ಇಳಿಸಿಟ್ಟುಕೊಂಡು ಬೇಕಾದಾಗ ಬೇಕಾದುದನ್ನು ನುಡಿಸುವವರೂ ಇದ್ದಾರೆ. ಹೀಗೆ ಜಾಲದಿಂದಲೋ ಡಿಸ್ಕಿನಿಂದಲೋ ಸಂಗೀತವನ್ನು ತೆಗೆದು ವರ್ಧಕಕ್ಕೆ ಕೊಡುವ ಪೆಟ್ಟಿಗೆಗೆ ಸ್ಟ್ರೀಮರ್ ಎಂದು ಹೆಸರು. ಅದನ್ನು ಕೊಂಡು ಆರು ತಿಂಗಳಾಗುವಷ್ಟರಲ್ಲಿ ಮನೆಯ ಹುಡುಗರು ಒಂದು ಮಾತು ತೆಗೆಯುತ್ತಾರೆ: “ಇದಕ್ಕೆ ಹೊರಗಿನಿಂದ ಒಂದು ಡ್ಯಾಕ್ ಹಾಕಿಸಿದರೆ ಧ್ವನಿಯೇ ಬೇರೆ.” ಹೌದೇ? ಹೌದಾದರೆ ಎಷ್ಟರ ಮಟ್ಟಿಗೆ? ಸಾವಿರ ರೂಪಾಯಿಯ ಆಸುಪಾಸಿನಿಂದ ಲಕ್ಷದ ಆಚೆಯವರೆಗೂ ಬೆಲೆಯಿರುವ ಪದಾರ್ಥವಾದ್ದರಿಂದ ಈ ಪ್ರಶ್ನೆಯನ್ನು ವಿಚಾರಿಸಿ ನೋಡುವುದು ಗೃಹಸ್ಥನಿಗೆ ಕ್ಷೇಮ.

ಮೊದಲು ಹೆಸರು. ಡಿಜಿಟಲ್ ಟು ಅನಲಾಗ್ ಕನ್ವರ್ಟರ್ ಎಂಬುದರ ಮೊದಲಕ್ಷರಗಳು ಸೇರಿ ಡ್ಯಾಕ್ ಆಗಿದೆ. ಅಂಕನಾದ ಪರಿವರ್ತಕ ಎಂದು ಸಮಾಸ ಮಾಡಬಹುದು, ವ್ಯಾಕರಣಕ್ಕೆ ಭಂಗವಿಲ್ಲ. ಆದರೆ ಆ ಹೆಸರು ಹಿಡಿದು ಅಂಗಡಿಗೆ ಹೋದವನು ಬರಿಗೈಯಲ್ಲಿ ಬರುತ್ತಾನೆ. ಆದ್ದರಿಂದ ಇಲ್ಲಿ ಡ್ಯಾಕ್ ಎಂದೇ ಹೇಳುತ್ತೇನೆ.

ಸ್ಟ್ರೀಮರಿನ ಕೆಲಸಕ್ಕೂ ಡ್ಯಾಕಿನ ಕೆಲಸಕ್ಕೂ ಇರುವ ಅಂತರವನ್ನು ನಮ್ಮ ಗಮಕದ ಮನೆಯಿಂದಲೇ ತೆಗೆದು ತೋರಿಸಬಹುದು. ಓಲೆಗರಿಯ ಕಾವ್ಯವೊಂದು ಒಂದೂರಿನ ಮಠದಲ್ಲಿದೆ. ಒಬ್ಬನು ಅದನ್ನು ಹೊತ್ತು ನಮ್ಮೂರಿಗೆ ತರುತ್ತಾನೆ. ಇನ್ನೊಬ್ಬನು ಅದನ್ನು ಬಿಚ್ಚಿ ರಾಗವಾಗಿ ಓದುತ್ತಾನೆ. ತರುವವನು ಗರಿಗಳನ್ನು ಒದ್ದೆ ಮಾಡದೆ, ಕ್ರಮ ಕೆಡಿಸದೆ, ಒಂದನ್ನೂ ಬೀಳಿಸದೆ ತಂದನೆಂದರೆ ಅವನ ಕೆಲಸ ಪೂರ್ಣವಾಯಿತು. ಅವನಿಗೆ ಹೊಸ ಪಂಚೆ ಉಡಿಸಿ ಪಲ್ಲಕ್ಕಿಯಲ್ಲಿ ಕರೆತಂದರೂ ಗಮಕಿಯ ಕಂಠ ಸುಧಾರಿಸುವುದಿಲ್ಲ. ಸ್ಟ್ರೀಮರ್ ಓಲೆ ತರುವವನು, ಡ್ಯಾಕ್ ಓದುವವನು. ನಾವು ಕೊಳ್ಳುವ ಸಾಮಾನ್ಯ ಸ್ಟ್ರೀಮರುಗಳಲ್ಲಿ ಇವರಿಬ್ಬರೂ ಒಂದೇ ಪೆಟ್ಟಿಗೆಯೊಳಗಿರುತ್ತಾರೆ. ತರುವವನು ಚುರುಕಾಗಿಯೇ ಇರುತ್ತಾನೆ. ಓದುವವನಿಗೆ ಮಾತ್ರ ಸಾಮಾನ್ಯವಾಗಿ ನೆಗಡಿ. ಹೊರಗಿನ ಡ್ಯಾಕ್ ಎಂದರೆ ತರುವವನನ್ನು ಹಾಗೆಯೇ ಇಟ್ಟುಕೊಂಡು ಓದುವುದಕ್ಕೆ ಬೇರೊಬ್ಬನನ್ನು ಕೂರಿಸುವುದು.

ಆ ಓಲೆಯಲ್ಲಿ ಬರೆದಿರುವುದಾದರೂ ಏನು? ಬರಿಯ ಅಂಕಿಗಳು. ಧ್ವನಿಯೆಂದರೆ ಗಾಳಿಯ ಒತ್ತಡದ ಏರಿಳಿತ. ಆ ಏರಿಳಿತದ ಎತ್ತರವನ್ನು ಕ್ಲುಪ್ತ ಕಾಲಕ್ಕೊಮ್ಮೆ ಅಳೆದು ಅಂಕಿಯಾಗಿ ಬರೆದಿಡುತ್ತಾರೆ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯಲ್ಲಿ ಈ ಅಳತೆ ಸೆಕೆಂಡಿಗೆ 44,100 ಸಲ. ಪ್ರತಿಯೊಂದು ಅಳತೆಯನ್ನೂ 16 ಬಿಟ್ಟುಗಳಲ್ಲಿ ಬರೆಯುತ್ತಾರೆ. ಬಿಟ್ಟು ಎಂದರೆ ಸೊನ್ನೆ ಅಥವಾ ಒಂದು, ಮೂರನೆಯದಿಲ್ಲ.

ಛಂದಸ್ಸು ಓದಿದವರಿಗೆ ಇದು ಹೊಸ ವಿದ್ಯೆಯೇನೂ ಅಲ್ಲ. ಲಘು, ಗುರು ಎಂಬ ಎರಡೇ ಗುರುತುಗಳಿಂದ ಒಂದಕ್ಷರಕ್ಕೆ ಎರಡು, ಎರಡಕ್ಷರಕ್ಕೆ ನಾಲ್ಕು, ಮೂರಕ್ಷರಕ್ಕೆ ಎಂಟು ವಿನ್ಯಾಸಗಳು ಸಿಗುತ್ತವೆ. ಆ ಎಂಟೇ ನಮ್ಮ ಮಗಣ, ಯಗಣ ಮೊದಲಾದ ಅಕ್ಷರಗಣಗಳು. ಪಿಂಗಳನ ಕಾಲದಿಂದ ಬಂದ ಪ್ರಸ್ತಾರದ ಲೆಕ್ಕವನ್ನು ಹಾಗೆಯೇ ಮುಂದುವರಿಸಿದರೆ ಹದಿನಾರು ಅಕ್ಷರದ ಪಾದಕ್ಕೆ 65,536 ವಿನ್ಯಾಸಗಳು ಬರುತ್ತವೆ. ಸಿ.ಡಿ.ಯಲ್ಲಿ ಧ್ವನಿಯ ಎತ್ತರವನ್ನು ಅಳೆಯುವ ಕೋಲಿನಲ್ಲಿರುವ ಗೆರೆಗಳೂ ಅಷ್ಟೇ: 65,536. ಇಪ್ಪತ್ತನಾಲ್ಕು ಬಿಟ್ಟಿನಲ್ಲಿ ಬರೆದರೆ ಗೆರೆಗಳು 1,67,77,216. ಎಡಬಲ ಎರಡು ಕಿವಿಗೂ ಸೇರಿ ಸಿ.ಡಿ.ಯ ಒಂದು ಸೆಕೆಂಡಿಗೆ 14,11,200 ಸೊನ್ನೆ ಒಂದುಗಳಾಗುತ್ತವೆ. ಗಾಬರಿಯಾಗಬೇಕಿಲ್ಲ, ಇಂದಿನ ಅಗ್ಗದ ಯಂತ್ರವೂ ಇದನ್ನು ಅನಾಯಾಸವಾಗಿ ಹೊರುತ್ತದೆ.

ಇಲ್ಲೊಂದು ಅಪಾರ್ಥ ಬಹಳ ಹಬ್ಬಿದೆ. ಅಂಕಿಯ ಧ್ವನಿಯೆಂದರೆ ಕಾರ್ಕಳದ ಗೊಮ್ಮಟಬೆಟ್ಟಕ್ಕೆ ಹತ್ತುವ ಕಲ್ಲುಮೆಟ್ಟಿಲಿನ ಹಾಗೆ ಮೆಟ್ಟಿಲು ಮೆಟ್ಟಿಲಾಗಿರುತ್ತದೆ, ಒಳ್ಳೆಯ ಡ್ಯಾಕ್ ಆ ಮೆಟ್ಟಿಲುಗಳನ್ನು ಸಣ್ಣದು ಮಾಡುತ್ತದೆ ಎಂದು ಅನೇಕರು ನಂಬಿದ್ದಾರೆ. ಜಾಹೀರಾತಿನ ಚಿತ್ರಗಳೂ ಹಾಗೆಯೇ ಬರೆದು ತೋರಿಸುತ್ತವೆ. ಸರಿಯಾದ ಹೋಲಿಕೆ ಮೆಟ್ಟಿಲಲ್ಲ, ಅಂಗಳದ ಚುಕ್ಕಿರಂಗೋಲಿ. ಅಳತೆಗಳು ಚುಕ್ಕಿಗಳು. ಚುಕ್ಕಿಗಳ ನಡುವೆ ಗೆರೆ ಹೇಗೆ ಬಳುಕಬೇಕೆಂಬುದು ಹಾಕುವವಳ ಇಚ್ಛೆಗೆ ಬಿಟ್ಟದ್ದೆಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಧ್ವನಿಯಲ್ಲಿ ಹಾಗಲ್ಲ. ಅಳತೆಯ ವೇಗದ ಅರ್ಧಕ್ಕಿಂತ ಮೇಲಿನ ಕಂಪನಗಳು ಮೂಲದಲ್ಲಿ ಇರಕೂಡದು ಎಂಬ ಒಂದು ನಿಯಮವನ್ನು ಪಾಲಿಸಿದರೆ, ಆ ಚುಕ್ಕಿಗಳ ಮೂಲಕ ಹಾಯುವ ಗೆರೆ ಒಂದೇ ಒಂದು ಇರುತ್ತದೆ, ಎರಡನೆಯದು ಸಾಧ್ಯವಿಲ್ಲ. ಅಮೆರಿಕದ ಬೆಲ್ ಪ್ರಯೋಗಶಾಲೆಯ ಶಾನನ್ ಇದನ್ನು 1949ರ ಲೇಖನದಲ್ಲಿ ವಿಶದಪಡಿಸಿದನು; ನೈಕ್ವಿಸ್ಟ್ 1928ರಲ್ಲಿಯೇ ಅದರ ದಾರಿ ತೋರಿಸಿದ್ದನು. ಮನುಷ್ಯನ ಕಿವಿ ಎಳವೆಯಲ್ಲಿ ಸೆಕೆಂಡಿಗೆ ಸುಮಾರು 20,000 ಕಂಪನದವರೆಗೆ ಕೇಳುತ್ತದೆ. ವಯಸ್ಸಾದಂತೆ ಮೇಲಿನದು ಕಳೆದುಹೋಗುತ್ತ ಬರುತ್ತದೆ. 44,100ರ ಅರ್ಧ 22,050. ಹಾಗಾಗಿ ಸಿ.ಡಿ.ಯ ಚುಕ್ಕಿಗಳಲ್ಲಿ ಕಿವಿಗೆ ಬೇಕಾದ ಗೆರೆಯೆಲ್ಲ ಅಡಗಿದೆ. ಆ ಗೆರೆಯನ್ನು ನುಣುಪಾಗಿ, ನಡುಗದ ಕೈಯಿಂದ ಎಳೆಯುವುದೇ ಡ್ಯಾಕಿನ ಕೆಲಸ.

ಇನ್ನು ಪೆಟ್ಟಿಗೆಯೊಳಗಿನ ಓದುಗನಿಗೆ ನೆಗಡಿ ಏಕೆ ಎಂಬುದನ್ನು ನೋಡೋಣ. ಒಂದೇ ಫಲಕದ ಮೇಲೆ ಲೆಕ್ಕ ಮಾಡುವ ಮಿದುಳು, ವೈಫೈ ಹಿಡಿಯುವ ರೇಡಿಯೊ, ಅಗ್ಗದ ವಿದ್ಯುತ್ ಪೂರೈಕೆ ಎಲ್ಲ ಒತ್ತೊತ್ತಾಗಿ ಕುಳಿತಿರುತ್ತವೆ. ಅವುಗಳ ಗದ್ದಲ ಧ್ವನಿಯ ಹಾದಿಗೆ ನುಸುಳುತ್ತದೆ. ತಯಾರಕರೂ ಆ ಭಾಗಕ್ಕೆ ಹೆಚ್ಚು ಖರ್ಚು ಮಾಡಿರುವುದಿಲ್ಲ. 2012ರಲ್ಲಿ ಬಂದ, ಮಣಿಪಾಲದ ವಿದ್ಯಾರ್ಥಿಗಳ ಮೇಜುಗಳಿಗೆ ಚಿರಪರಿಚಿತವಾದ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರನ್ನೇ ನೋಡಿ. ಅದರ ಹೆಡ್‌ಫೋನ್ ತೂತಿನ ಹಿಂದೆ ನಿಜವಾದ ಡ್ಯಾಕೇ ಇಲ್ಲ. ವಿದ್ಯುತ್ತಿನ ಮಿಡಿತಗಳನ್ನು ಅಗಲ ಕಿರಿದು ಮಾಡಿ ಧ್ವನಿಯಂತೆ ತೋರಿಸುವ ಒಂದು ಉಪಾಯವಿದೆ. ತಂಬೂರಿಯ ನಾದ ಕ್ಷೀಣಿಸಿ ನಿಶ್ಶಬ್ದದಲ್ಲಿ ಲಯವಾಗುವ ಕಡೆಯಲ್ಲಿ ಅದರ ಬಡತನ ಬಯಲಾಗುತ್ತದೆ: ನಾದ ಮುಗಿಯುವುದಕ್ಕೆ ಮೊದಲೇ ಒಂದು ಸುಯ್ಯೆನ್ನುವ ಸದ್ದು ಅದನ್ನು ನುಂಗುತ್ತದೆ. 2023ರಲ್ಲಿ ಬಂದ ಐದನೆಯ ಪೈಯಲ್ಲಿ ಆ ತೂತನ್ನೇ ತೆಗೆದುಹಾಕಿದ್ದಾರೆ. ಅಂಥ ಯಂತ್ರಕ್ಕೆ ಹೊರಗಿನ ಡ್ಯಾಕ್ ಆಡಂಬರವಲ್ಲ, ಅಗತ್ಯ.

ಬೇರೆ ಮಾಡುವುದರಲ್ಲಿ ಧ್ವನಿಗಿಂತ ದೊಡ್ಡದಾದ ಇನ್ನೊಂದು ಲಾಭವಿದೆ. ಅಂಗಡಿಯವರು ಇದನ್ನು ಹೇಳುವುದು ಕಡಿಮೆ. ಸ್ಟ್ರೀಮರ್ ಬೇಗ ಮುದಿಯಾಗುತ್ತದೆ, ಡ್ಯಾಕ್ ಆಗುವುದಿಲ್ಲ. ಸ್ಟ್ರೀಮರಿನ ಜೀವ ಅದರ ತಂತ್ರಾಂಶದಲ್ಲಿದೆ, ಆ ತಂತ್ರಾಂಶದ ಜೀವ ಪರದೇಶದ ಯಾವುದೋ ಕಂಪೆನಿಯ ಮರ್ಜಿಯಲ್ಲಿದೆ. ಲಾಜಿಟೆಕ್ ಕಂಪೆನಿಯ ಸ್ಕ್ವೀಜ್‌ಬಾಕ್ಸ್ ಟಚ್ ಎಂಬ ಪೆಟ್ಟಿಗೆ 2010ರಲ್ಲಿ ಬಂದಿತು, 2012ರಲ್ಲಿ ನಿಂತಿತು. ಅದಕ್ಕೆ ಆಧಾರವಾಗಿದ್ದ ಕಂಪೆನಿಯ ಜಾಲಸೇವೆ 2024ರಲ್ಲಿ ಮುಚ್ಚಿತು. ಗೂಗಲಿನ ಕ್ರೋಮ್‌ಕಾಸ್ಟ್ ಆಡಿಯೊ 2015ರಲ್ಲಿ ಬಂದು 2019ರಲ್ಲಿ ಮಾರಾಟ ನಿಂತಿತು. 2025ರ ಮಾರ್ಚ್ ತಿಂಗಳಲ್ಲಿ ಒಂದು ಡಿಜಿಟಲ್ ಪ್ರಮಾಣಪತ್ರದ ಅವಧಿ ಮುಗಿದುದರಿಂದ ಲೋಕದಲ್ಲಿದ್ದ ಆ ಪೆಟ್ಟಿಗೆಗಳು ಕೆಲವು ದಿನ ಕೈಕಟ್ಟಿ ಕುಳಿತವು, ಆಮೇಲೆ ಸರಿಪಡಿಸಿದರು. ಡ್ಯಾಕಿಗಾದರೋ ಇಂಥ ಹಂಗಿಲ್ಲ. ಅಂಕಿ ಕೊಟ್ಟರೆ ನಾದ ಕೊಡುತ್ತದೆ. ಇಪ್ಪತ್ತು ವರ್ಷದ ಹಿಂದಿನದೂ ಕೊಡುತ್ತದೆ. ಆದ್ದರಿಂದ ತರುವವನಿಗೆ ಕಡಿಮೆ ದುಡ್ಡು, ಓದುವವನಿಗೆ ಮಿತವಾದ ದುಡ್ಡು ಎಂಬುದು ನನ್ನ ಮತ. ತರುವವನು ಹೋದರೆ ಇನ್ನೊಬ್ಬ ಸಿಗುತ್ತಾನೆ.

ಈಗಿರುವ ಸ್ಟ್ರೀಮರಿಗೆ ಡ್ಯಾಕನ್ನು ಸೇರಿಸಲು ಮುಖ್ಯವಾಗಿ ಮೂರು ದಾರಿಗಳು. ಪೆಟ್ಟಿಗೆಯ ಬೆನ್ನನ್ನು ತಿರುಗಿಸಿ ನೋಡಿದರೆ ಯಾವುದಿದೆಯೆಂದು ತಿಳಿಯುತ್ತದೆ.

ಒಂದು, ಬೆಳಕಿನ ದಾರಿ. ಆಪ್ಟಿಕಲ್ ಎಂದು ಬರೆದಿರುವ, ಸಣ್ಣ ಮುಚ್ಚಳವಿರುವ ಚೌಕಾಕಾರದ ತೂತು. ಒಳಗೆ ಕೆಂಪು ಬೆಳಕು ಕಾಣುತ್ತದೆ. ಜಪಾನಿನ ತೋಷಿಬಾ ಕಂಪೆನಿ 1983ರಲ್ಲಿ ತಂದ ಪದ್ಧತಿ ಇದು. ಕ್ರೋಮ್‌ಕಾಸ್ಟ್ ಆಡಿಯೊದಲ್ಲಿ ಇದು ಹೆಡ್‌ಫೋನ್ ತೂತಿನೊಳಗೇ ಅಡಗಿತ್ತು. ತುದಿಯಲ್ಲಿ ಬೇರೆ ಆಕಾರವಿರುವ ತಂತಿ ಹಾಕಿದರೆ ಬೆಳಕು ಹೊರಬರುತ್ತಿತ್ತು, ಆದರೆ ಅನೇಕರು ಅದನ್ನು ವರ್ಷಗಟ್ಟಲೆ ಅರಿಯದೆಯೇ ಬಳಸಿದರು. ಟೀವಿಯ ಬೆನ್ನಿನಲ್ಲಿಯೂ ಈ ತೂತು ಸಾಮಾನ್ಯ. ಎರಡು, ಕೋಆಕ್ಸಿಯಲ್ ದಾರಿ. ನೋಡುವುದಕ್ಕೆ ಕೆಂಪು ಬಿಳಿ ಆಡಿಯೊ ಪಿನ್ನಿನಂತೆಯೇ ಇರುತ್ತದೆ, ಆದರೆ ಒಂದೇ ತಂತಿ. ಅದು 75 ಓಮಿನದಾಗಿರಬೇಕು. ಮೂರು, ಯು.ಎಸ್.ಬಿ. ಕಿಂಡಿ. ಈಗ ಹೆಚ್ಚು ಬಳಕೆಯಲ್ಲಿರುವುದು ಇದೇ. ಚಿಕ್ಕ ಕಿಂಡಿಯಿಂದ ಪೂರ್ಣ ದರ್ಶನವಾಗುತ್ತದೆಯೆಂದು ಉಡುಪಿಯವರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ.

ಮೊದಲೆರಡು ದಾರಿಗೂ ಮೂರನೆಯದಕ್ಕೂ ಒಂದು ಸೂಕ್ಷ್ಮ ಭೇದವಿದೆ. ಬೆಳಕಿನ ಮತ್ತು ಕೋಆಕ್ಸಿಯಲ್ ದಾರಿಗಳಲ್ಲಿ ತರುವವನು ಗರಿಗಳನ್ನು ತನ್ನ ವೇಗದಲ್ಲಿ ಒಂದೊಂದಾಗಿ ಮುಂದೆ ಚಾಚುತ್ತ ಹೋಗುತ್ತಾನೆ. ಓದುವವನು ಆ ವೇಗಕ್ಕೆ ಹೊಂದಿಕೊಂಡು ಓದಬೇಕು. ತರುವವನ ಕೈ ನಡುಗಿದರೆ ಓದಿನ ಲಯವೂ ನಡುಗುತ್ತದೆ. ಇದಕ್ಕೆ ಜಿಟರ್ ಎಂದು ಹೆಸರು. ಕಾಪುವಿನಲ್ಲಿ 1901ರಿಂದ ನಿಂತಿರುವ ದೀಪಸ್ತಂಭದ ಮಿನುಗು ನಿಯತ ಅಂತರದಲ್ಲಿ ಬಂದರೆ ತಾನೆ ನಾವಿಕನು ಇದು ಕಾಪುವೆಂದು ಗುರುತಿಸುವುದು? ಅಂತರ ಏರುಪೇರಾದರೆ ಬೆಳಕು ಅದೇ ಆದರೂ ಅರ್ಥ ಕೆಡುತ್ತದೆ. ಅಂಕಿಗಳೂ ಹಾಗೆಯೇ. ಇಂದಿನ ಒಳ್ಳೆಯ ಡ್ಯಾಕುಗಳು ಈ ನಡುಕವನ್ನು ಬಹುಮಟ್ಟಿಗೆ ತಾವೇ ಸಮ ಮಾಡಿಕೊಳ್ಳುತ್ತವೆ. ಯು.ಎಸ್.ಬಿ.ಯ ಅಸಿಂಕ್ರನಸ್ ಎಂಬ ಪದ್ಧತಿಯಲ್ಲಿಯಾದರೋ ಗಡಿಯಾರವೇ ಓದುವವನ ಬಳಿಯಿರುತ್ತದೆ. ಅವನು ತನ್ನ ಲಯದಲ್ಲಿ ಓದುತ್ತ, ಗರಿ ಮುಗಿಯುವ ಮೊದಲು “ಇನ್ನೊಂದು ಕೊಡು” ಎಂದು ಕೈ ನೀಡುತ್ತಾನೆ. ಆದ್ದರಿಂದ ಯು.ಎಸ್.ಬಿ. ಡ್ಯಾಕ್ ಕೊಳ್ಳುವಾಗ ವಿವರಣೆಯಲ್ಲಿ ಆ ಮಾತು ಇದೆಯೇ ಎಂದು ನೋಡಬೇಕು. ಈಗ ಬರುವ ಬಹುಪಾಲು ಡ್ಯಾಕುಗಳಲ್ಲಿ ಇರುತ್ತದೆ. ಬ್ಲೂಟೂತ್ ನಾಲ್ಕನೆಯ ದಾರಿಯಲ್ಲವೇ ಎಂದರೆ, ಹೌದು. ಆದರೆ ಸಾಮಾನ್ಯವಾಗಿ ಅದು ಧ್ವನಿಯನ್ನು ಇನ್ನೊಮ್ಮೆ ಹಿಂಡಿ ಕಳಿಸುತ್ತದೆ. ಅಡುಗೆಮನೆಗೆ ಸಾಕು.

ರಾಸ್ಪ್‌ಬೆರಿ ಪೈ ಇಟ್ಟುಕೊಂಡವರಿಗೆ ಇನ್ನೊಂದು ಸೌಕರ್ಯವಿದೆ. ಅದರ ತಲೆಯ ಮೇಲಿನ ಪಿನ್ನುಗಳಿಗೆ ಟೊಪ್ಪಿಗೆಯಂತೆ ಕೂರುವ ಡ್ಯಾಕ್ ಫಲಕಗಳು ಸಿಗುತ್ತವೆ. ಯು.ಎಸ್.ಬಿ. ಡ್ಯಾಕನ್ನೇ ಬಳಸುವುದಾದರೆ ಎರಡು ಎಚ್ಚರ. 2019ರ ನಾಲ್ಕನೆಯ ಮಾದರಿಗಿಂತ ಹಿಂದಿನ ಪೈಗಳಲ್ಲಿ ಜಾಲದ ತಂತಿಯೂ ಯು.ಎಸ್.ಬಿ.ಯೂ ಒಳಗೆ ಒಂದೇ ಓಣಿಯಲ್ಲಿ ನಡೆಯಬೇಕಾಗಿತ್ತು. ಭಾರಿ ಕಡತ ನುಡಿಸುವಾಗ ಚಟಚಟ ಸದ್ದು ಬಂದರೆ ಆ ಇಕ್ಕಟ್ಟನ್ನು ಶಂಕಿಸಬಹುದು. ಎರಡನೆಯದು, ನಾಲ್ಕನೆಯ ಪೈಯ ನಾಲ್ಕು ಯು.ಎಸ್.ಬಿ. ಕಿಂಡಿಗಳಿಗೆ ಸೇರಿ ಸಿಗುವ ವಿದ್ಯುತ್ತು 1.2 ಆಂಪಿಯರ್ ಮಾತ್ರ. ಹಾರ್ಡ್ ಡಿಸ್ಕೂ ಡ್ಯಾಕೂ ಎರಡೂ ಅಲ್ಲಿಂದಲೇ ಉಣ್ಣತೊಡಗಿದರೆ ಯಾರಿಗೂ ಹೊಟ್ಟೆ ತುಂಬುವುದಿಲ್ಲ. ಡಿಸ್ಕಿಗೆ ಬೇರೆ ಅಡಾಪ್ಟರ್ ಕೊಡುವುದು ಲೇಸು.

ತಂತಿ ಸೇರಿಸಿದ ಮೇಲೆ ಕೆಲಸ ಮುಗಿಯಿತೆಂದು ಎದ್ದುಹೋಗುವವರೇ ಹೆಚ್ಚು. ಅರ್ಧ ಕೆಲಸ ಉಳಿದಿರುವುದು ಅಲ್ಲೇ. ಸ್ಟ್ರೀಮರಿನ ವ್ಯವಸ್ಥೆಯ ಪುಟವನ್ನು ತೆರೆದು, ಧ್ವನಿ ಹೊರಡುವ ದಾರಿಯಾಗಿ ಹೊಸ ಡ್ಯಾಕನ್ನು ಆರಿಸಬೇಕು. ಇಲ್ಲದಿದ್ದರೆ ಅದು ಹಳೆಯ ತೂತಿಗೇ ಕಳಿಸುತ್ತಿರುತ್ತದೆ. ಆಮೇಲೆ ಸ್ಟ್ರೀಮರಿನ ಒಳಗಿನ ವಾಲ್ಯೂಮನ್ನು ಪೂರ್ತಿ ನೂರಕ್ಕೆ ಏರಿಸಿ, ಧ್ವನಿ ಏರಿಸುವುದು ಇಳಿಸುವುದನ್ನು ವರ್ಧಕದ ಗುಂಡಿಯಲ್ಲಿಯೇ ಮಾಡಬೇಕು. ಕಾರಣವಿಷ್ಟೆ: ಅಂಕಿಗಳ ಹಂತದಲ್ಲಿ ಧ್ವನಿಯನ್ನು 6 ಡೆಸಿಬೆಲ್ ಇಳಿಸಿದಾಗಲೆಲ್ಲ ಹೆಚ್ಚುಕಡಿಮೆ ಒಂದು ಬಿಟ್ಟು ವ್ಯರ್ಥವಾಗುತ್ತದೆ. ಹದಿನಾರರ ದಾರಿಯಲ್ಲಿ ಕಾಲುಭಾಗ ಧ್ವನಿಗೆ ಇಳಿಸಿ ಕೇಳುವವನು ಹದಿನಾಲ್ಕು ಬಿಟ್ಟಿನ ಸಂಗೀತವನ್ನು ಕೇಳುತ್ತಿದ್ದಾನೆ. ದಾರಿ 24 ಬಿಟ್ಟಿನದಾದರೆ ಈ ನಷ್ಟ ಲೆಕ್ಕಕ್ಕೆ ಬಾರದು. ಮೊದಲ ಸಲ ನುಡಿಸುವ ಮುನ್ನ ವರ್ಧಕದ ಗುಂಡಿ ತಳದಲ್ಲಿರಲಿ. ಹಾಗೆ ನೋಡದೆ ನೂರಕ್ಕೆ ಏರಿಸಿದ ಮನೆಯಲ್ಲಿ ಭಾಗವತರ ಪದಕ್ಕೆ ಬದಲು ಚೆಂಡೆಯ ಮೊದಲ ಪೆಟ್ಟಿಗೇ ಸ್ಪೀಕರಿನ ಆಯುಸ್ಸು ತೀರಬಹುದು.

ಇನ್ನೊಂದು, ಮೂಲದ ಅಳತೆಯ ವೇಗವನ್ನು ನಡುವೆ ಯಾರೂ ಬದಲಿಸಬಾರದು. ಫೋನನ್ನೇ ಸ್ಟ್ರೀಮರಾಗಿ ಬಳಸುವವರು ಇದನ್ನು ಗಮನಿಸಬೇಕು: ಆಂಡ್ರಾಯ್ಡ್ ಫೋನುಗಳು ಸಾಮಾನ್ಯವಾಗಿ ಎಲ್ಲವನ್ನೂ 48,000ಕ್ಕೆ ಪರಿವರ್ತಿಸಿ ಕಳಿಸುತ್ತವೆ. ಡ್ಯಾಕಿನ ಮುಖದ ಮೇಲೆ ಅಳತೆಯ ವೇಗ ತೋರಿಸುವ ದೀಪವಿದ್ದರೆ ಪರೀಕ್ಷೆ ಸುಲಭ. ಸಿ.ಡಿ.ಯಿಂದ ಇಳಿಸಿದ ಕಡತ ನುಡಿಯುವಾಗ 44.1 ಎಂದು ತೋರಿಸಿದರೆ ಓಲೆ ಅವಿಕಲವಾಗಿ ತಲಪುತ್ತಿದೆಯೆಂದು ಧೈರ್ಯವಾಗಿ ನಂಬಬಹುದು. 48 ಎಂದರೆ ನಡುದಾರಿಯಲ್ಲಿ ಯಾರೋ ಪ್ರತಿ ಮಾಡಿದ್ದಾರೆ. ಆ ಪ್ರತಿ ಕೆಟ್ಟದ್ದೇ ಆಗಿರಬೇಕೆಂದಿಲ್ಲ, ಆದರೆ ಅದಕ್ಕಾಗಿ ದುಡ್ಡು ಕೊಟ್ಟದ್ದಲ್ಲವಲ್ಲ.

ಮಣಿಪಾಲದ ವಸತಿಸಮುಚ್ಚಯಗಳಂಥ ಕಡೆ ಒಂದೊಂದು ಗೋಡೆಯಾಚೆಗೂ ಒಂದೊಂದು ವೈಫೈ ಇರುವುದರಿಂದ ಸಂಗೀತ ಕಡಿದು ಕಡಿದು ಬರುವುದುಂಟು. ಇದಕ್ಕೆ ಡ್ಯಾಕ್ ಮದ್ದಲ್ಲ. ಅಂಕಿಗಳು ತಡವಾಗಿ ಬಂದರೆ ಸಂಗೀತ ನಿಲ್ಲುತ್ತದೆ, ಅಥವಾ ಕೆಲವು ಸೇವೆಗಳಲ್ಲಿ ಹೆಚ್ಚು ಹಿಂಡಿದ ಧ್ವನಿಗೆ ಇಳಿಯುತ್ತದೆ. ಬಂದ ಅಂಕಿ ಮಾತ್ರ ಮಂಕಾಗಿ ಬರುವುದಿಲ್ಲ. ಜಾಲದ ತಂತಿಯನ್ನು ನೇರವಾಗಿ ಪೆಟ್ಟಿಗೆಗೆ ಎಳೆದರೆ ರೋಗ ವಾಸಿ. ಸಾಧಾರಣ ತಂತಿ ಸಾಕು; ಚಿನ್ನದ ಬಣ್ಣದ, ಹಾವಿನ ಗಾತ್ರದ ತಂತಿಗಳನ್ನು ಮಾರುವವರ ಉಪದೇಶವನ್ನು ವಿನಯದಿಂದ ಕೇಳಿ ಹೊರಟುಬರಬೇಕು.

ಕರಾವಳಿಯಲ್ಲಿ ಯಂತ್ರಕ್ಕೆ ಒದಗುವ ಕಷ್ಟಗಳು ಬೇರೆಯೇ. ಬಯಲುಸೀಮೆಯ ಪುಸ್ತಕ ಓದಿಕೊಂಡರೆ ಅವು ತಿಳಿಯುವುದಿಲ್ಲ. ಕಾಪುವಿನ ದಂಡೆಯ ಮನೆಗಳಲ್ಲಿ ಉಪ್ಪಿನ ಗಾಳಿ ಪಿನ್ನುಗಳ ಮೇಲೆ ಕಾಣದ ಕಿಲುಬನ್ನು ಹತ್ತಿಸುತ್ತದೆ. ಒಂದು ಬದಿಯ ಧ್ವನಿ ಬಿಟ್ಟುಬಿಟ್ಟು ಬರುವುದು, ಮುಟ್ಟಿದರೆ ಕರಕರ ಎನ್ನುವುದು ಬಹುಮಟ್ಟಿಗೆ ಇದರಿಂದಲೇ. ವಿದ್ಯುತ್ತನ್ನು ಆರಿಸಿ, ಪಿನ್ನನ್ನು ನಾಲ್ಕಾರು ಸಲ ಹಾಕಿ ತೆಗೆದು, ಐಸೊಪ್ರೊಪೈಲ್ ಮದ್ಯಸಾರದಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರೆ ಎಷ್ಟೋ ‘ಕೆಟ್ಟುಹೋದ’ ಡ್ಯಾಕುಗಳು ಬದುಕುತ್ತವೆ.

ಇದಕ್ಕಿಂತ ಪೀಡಿಸುವುದು ಗುಂಯ್ ಎನ್ನುವ ಸದ್ದು. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದು. ಅದರ ನೆರಳು 50, 100ರ ಕಂಪನವಾಗಿ ಸಂಗೀತದ ಅಡಿಯಲ್ಲಿ ಮಲಗಿರುತ್ತದೆ. ವರ್ಧಕವು ಒಂದು ಮೂರು ಪಿನ್ನಿನ ತೂತಿನಿಂದಲೂ ಕಂಪ್ಯೂಟರು ಇನ್ನೊಂದು ಕೋಣೆಯ ತೂತಿನಿಂದಲೂ ಭೂಮಿಗೆ ಸೇರಿದ್ದು, ಎರಡರ ನಡುವೆ ಡ್ಯಾಕಿನ ತಂತಿ ಹಾದುಹೋದರೆ ಒಂದು ಸುತ್ತು ಏರ್ಪಡುತ್ತದೆ; ಆ ಸುತ್ತಿನಲ್ಲಿ ಹರಿಯುವ ಸಣ್ಣ ವಿದ್ಯುತ್ತೇ ಗುಂಯ್ಗುಡುತ್ತದೆ. ಮುರಕಲ್ಲಿನ ನೆಲ ಮಾರ್ಚ್, ಏಪ್ರಿಲ್‌ನಲ್ಲಿ ಒಣಗಿದಾಗ ಭೂಸಂಪರ್ಕದ ಗುಂಡಿ ಸೊರಗುತ್ತದೆ. ಅದಕ್ಕೆ ನೀರೆರೆಯುವ ಹಳೆಯ ಪದ್ಧತಿ ಮೂಢನಂಬಿಕೆಯಲ್ಲ, ಶುದ್ಧ ಶಾಸ್ತ್ರ. ಗುಂಯ್‌ಗುಡುವುದು ಯಾವ ದಾರಿಯಿಂದ ಬರುತ್ತಿದೆಯೆಂದು ತಿಳಿಯಲು ಸಂಗೀತ ನಿಲ್ಲಿಸಿ, ಧ್ವನಿ ತಗ್ಗಿಸಿ, ಡ್ಯಾಕಿಗೆ ಬರುವ ಯು.ಎಸ್.ಬಿ. ತಂತಿಯನ್ನು ಕಳಚಿ ನೋಡಬೇಕು. ಸದ್ದು ನಿಂತರೆ ಅದು ಆ ತಂತಿಯಲ್ಲಿ ಬಂದದ್ದು. ಆಗ ಬೆಳಕಿನ ದಾರಿಗೆ ಬದಲಾಯಿಸಿದರೆ ಸುತ್ತು ಕಡಿದುಹೋಗುತ್ತದೆ, ಬೆಳಕಿನಲ್ಲಿ ವಿದ್ಯುತ್ತು ಹರಿಯುವುದಿಲ್ಲವಷ್ಟೆ. ಸದ್ದು ಹೋಗಲೆಂದು ಮೂರನೆಯ ಪಿನ್ನನ್ನು ಮುರಿಯುವ ಬುದ್ಧಿವಂತಿಕೆ ಮಾತ್ರ ಬೇಡ. ಅದು ಪ್ರಾಣಕ್ಕೆ ಸಂಬಂಧಿಸಿದ್ದು.

ಮಳೆಗಾಲದ ಮುಂಚಿನ ಏಪ್ರಿಲ್, ಮೇ ತಿಂಗಳ ಸಿಡಿಲೂ ಅಕ್ಟೋಬರಿನ ಸಿಡಿಲೂ ಘಟ್ಟದ ಬುಡದ ಕಾರ್ಕಳದವರಿಗೆ ಗೊತ್ತಿರುವ ವಿಷಯ. ಗುಡುಗು ಕೇಳುವ ಮೊದಲೇ ವಿದ್ಯುತ್ತಿನ ಪಿನ್ನನ್ನು ಕೀಳುವ ರೂಢಿ ಎಲ್ಲರಿಗೂ ಇದೆ. ಜಾಲದ ತಾಮ್ರದ ತಂತಿಯನ್ನು ಕೀಳುವುದನ್ನು ಮರೆಯುತ್ತಾರೆ. ಗೋಡೆಯ ತೂತಿನಿಂದ ಬರಲಾಗದ ಸಿಡಿಲು ಆ ದಾರಿಯಿಂದ ಬಂದು ಸ್ಟ್ರೀಮರನ್ನೂ, ಅದರ ಹಿಂದೆಯೇ ಡ್ಯಾಕನ್ನೂ ಸುಡಬಲ್ಲದು.

ಇಷ್ಟೆಲ್ಲ ಆದ ಮೇಲೆ ಕಿವಿಗೆ ತಿಳಿಯುವಷ್ಟು ವ್ಯತ್ಯಾಸವಾಗುತ್ತದೆಯೇ? ಪೈಯ ಹೆಡ್‌ಫೋನ್ ತೂತಿನಿಂದ ಸಾಧಾರಣ ಬೆಲೆಯ ಒಂದು ಯೋಗ್ಯ ಡ್ಯಾಕಿಗೆ ಬಂದರೆ ತಿಳಿಯುತ್ತದೆ. ಹಿನ್ನೆಲೆ ಮೌನವಾಗುತ್ತದೆ, ಚಕ್ರತಾಳದ ಕೊನೆ ಕೇಳುತ್ತದೆ. ಆ ಯೋಗ್ಯ ಡ್ಯಾಕಿನಿಂದ ಅದರ ಹತ್ತುಪಟ್ಟು ಬೆಲೆಯದಕ್ಕೆ ಹೋದರೆ ಭೇದ ಬಹು ಸೂಕ್ಷ್ಮ. ಅದನ್ನು ಕಣ್ಣುಮುಚ್ಚಿ ಹೇಳಬಲ್ಲವರು ವಿರಳ. ಅಂಗಡಿಯಲ್ಲಿ ಹೋಲಿಸಿ ನೋಡುವಾಗ ಒಂದು ಮೋಸಕ್ಕೆ ಎಲ್ಲರೂ ಒಳಗಾಗುತ್ತಾರೆ. ಡ್ಯಾಕುಗಳು ಸಾಮಾನ್ಯವಾಗಿ 2 ವೋಲ್ಟ್ ಹೊರಗೆ ಕೊಡುತ್ತವೆ. ಅನೇಕ ಸಣ್ಣ ಪೆಟ್ಟಿಗೆಗಳು ಅದರ ಅರ್ಧವನ್ನೂ ಕೊಡುವುದಿಲ್ಲ. ದುಪ್ಪಟ್ಟು ವೋಲ್ಟ್ ಎಂದರೆ 6 ಡೆಸಿಬೆಲ್ ಹೆಚ್ಚು ಗಟ್ಟಿ. ಗಟ್ಟಿಯಾದುದನ್ನು ನಮ್ಮ ಕಿವಿ ‘ಚೆನ್ನಾಗಿದೆ’ ಎಂದು ಒಪ್ಪಿಕೊಳ್ಳುತ್ತದೆ. ಎರಡನ್ನೂ ಒಂದೇ ಗಟ್ಟಿಗೆ ಸಮ ಮಾಡಿ, ಯಾವುದು ನುಡಿಯುತ್ತಿದೆಯೆಂದು ತಿಳಿಸದೆ, ಪರಿಚಿತವಾದ ಒಂದು ಮುದ್ರಣವನ್ನು ಕೇಳಿಸಿರೆಂದು ಅಂಗಡಿಯವರನ್ನು ಕೇಳಬೇಕು. ಒಪ್ಪದಿದ್ದರೆ ಅದೂ ಒಂದು ಉತ್ತರವೇ.

ಓಲೆಯಲ್ಲಿಯೇ ಇಲ್ಲದ ಅಕ್ಷರವನ್ನು ಯಾವ ಗಮಕಿಯೂ ಓದಲಾರ. ಜಾಲದಲ್ಲಿ ಬರುವ ಬಾನುಲಿ ಧ್ವನಿಯನ್ನು ಹಿಂಡಿ ಕಿರಿದು ಮಾಡಿಯೇ ಕಳಿಸಿರುತ್ತಾರೆ, ಎಂ.ಪಿ. 3 ಕಡತವೂ ಹಾಗೆಯೇ, ಕಿವಿಗೆ ಅಷ್ಟಾಗಿ ತಿಳಿಯದೆಂದು ಲೆಕ್ಕ ಹಾಕಿದ ಅಂಶಗಳನ್ನು ಬಿಸುಟಿರುತ್ತದೆ. 2001ರಲ್ಲಿ ಬಂದ ಫ್ಲ್ಯಾಕ್ ಎಂಬ ಕಡತ ಮಾತ್ರ ಗಾತ್ರವನ್ನು ಕಿರಿದು ಮಾಡಿದರೂ ಬಿಚ್ಚಿದಾಗ ಒಂದು ಬಿಟ್ಟೂ ತಪ್ಪದೆ ಮರಳಿ ಕೊಡುತ್ತದೆ. ಮಣಿಪಾಲದ ಸಮುದಾಯ ಬಾನುಲಿ 90.4ನ್ನು ಎಫ್.ಎಂ. ಸೆಟ್ಟಿನಲ್ಲಿ ಗಾಳಿಯಿಂದಲೇ ಹಿಡಿಯುವವರಿಗೆ ಈ ಲೇಖನದ ಚಿಂತೆಯೇ ಇಲ್ಲ. ಅಲ್ಲಿ 15,000 ಕಂಪನದವರೆಗಿನ ಧ್ವನಿ ನೇರವಾಗಿ ಬರುತ್ತದೆ.

ತಾಳಮದ್ದಳೆಯ ಕ್ಯಾಸೆಟ್ಟುಗಳಿರುವ ಮನೆಯವರಿಗೆ ಮಾತ್ರ ಡ್ಯಾಕಿಗೆ ಮೊದಲು ಬೇರೊಂದು ಖರ್ಚಿದೆಯೆಂದು ನಾನು ಒತ್ತಿ ಹೇಳುತ್ತೇನೆ. ಡ್ಯಾಕಿನ ವಿಲೋಮ ಕೆಲಸ ಮಾಡುವ ಯಂತ್ರ ಎ.ಡಿ.ಸಿ.; ನಾದವನ್ನು ಅಂಕಿ ಮಾಡುವುದು. ಓದುವವನು ಇಂದು ಚೆನ್ನಾಗಿಲ್ಲದಿದ್ದರೆ ಐದು ವರ್ಷದ ಮೇಲೆ ಬೇರೊಬ್ಬನನ್ನು ಕೂರಿಸಬಹುದು. ಬರೆದುಕೊಳ್ಳುವಾಗ ತಪ್ಪಿದರೆ, ಬರೆದುಕೊಳ್ಳುವ ಮೊದಲೇ ಸುರುಳಿಗೆ ಬೂಷ್ಟು ಹಿಡಿದರೆ, ಅರ್ಥಧಾರಿಯ ಮಾತು ಮತ್ತೆ ಸಿಗುವುದಿಲ್ಲ. ನಮ್ಮ ಮಳೆಗಾಲದ ತೇವದಲ್ಲಿ ಬೂಷ್ಟು ಹಿಡಿಯದ ಕಪಾಟು ಅಪರೂಪ. ಹೆಡ್‌ಫೋನ್ ತೂತಿನಿಂದ ಫೋನಿಗೆ ಸುಮ್ಮನೆ ಇಳಿಸಿಕೊಂಡ ಪ್ರತಿ ಸಾಲದು. ಕ್ಯಾಸೆಟ್ ಯಂತ್ರದ ಹೆಡ್ಡನ್ನು ಒರೆಸಿ, ಅದರ ಓರೆಯನ್ನು ಆಯಾ ಸುರುಳಿಗೆ ಹೊಂದಿಸಿ—ಸಣ್ಣ ಸ್ಕ್ರೂ ಒಂದರ ಕೆಲಸ, ‘ಸ’ಕಾರ ‘ಶ’ಕಾರಗಳು ಸ್ಪಷ್ಟವಾಗುವವರೆಗೆ ತಿರುಗಿಸಬೇಕು—ಲೈನ್ ಔಟಿನಿಂದ ಎ.ಡಿ.ಸಿ.ಗೆ ಕೊಟ್ಟು, 24 ಬಿಟ್ಟು, 48,000ರಲ್ಲಿ ಬರೆದುಕೊಳ್ಳಬೇಕು. ಚೆಂಡೆಯ ಪೆಟ್ಟು ಅಳತೆಗೋಲಿನ ತುದಿಯನ್ನು ಮುಟ್ಟದಂತೆ 10 ಡೆಸಿಬೆಲಿನಷ್ಟು ಜಾಗ ಬಿಡಬೇಕು. ಒಮ್ಮೆ ತುದಿ ಮುಟ್ಟಿ ಕತ್ತರಿಸಿಹೋದ ಪೆಟ್ಟನ್ನು ಹಿಂದಿನಂತೆ ಮಾಡಲು ಬಾರದು. ಅರುವತ್ತು ನಿಮಿಷದ ಒಂದು ಕ್ಯಾಸೆಟ್ಟಿಗೆ ಹೀಗೆ ಸುಮಾರು ಒಂದು ಗಿಗಾಬೈಟ್ ಆಗುತ್ತದೆ. ಫ್ಲ್ಯಾಕ್ ಮಾಡಿದರೆ ಇನ್ನೂ ಕಡಿಮೆ. ಸುಯ್ಯೆನ್ನುವ ಸದ್ದನ್ನು ತೆಗೆಯುವ ತಂತ್ರಾಂಶವನ್ನು ಈ ಮೂಲಪ್ರತಿಯ ಮೇಲೆ ಓಡಿಸದೆ, ಕೇಳುವುದಕ್ಕೆಂದು ಮಾಡಿಕೊಂಡ ಇನ್ನೊಂದು ಪ್ರತಿಯ ಮೇಲೆ ಓಡಿಸಬೇಕು. ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಪೆನ್ಸಿಲಿನಲ್ಲಿ ಬರೆದಿರುವ ಊರು, ತಾರೀಕು, ಪ್ರಸಂಗ, ಭಾಗವತರ ಮತ್ತು ಅರ್ಥಧಾರಿಗಳ ಹೆಸರುಗಳನ್ನು ಆ ದಿನವೇ ಕಡತದ ಹೆಸರಿನಲ್ಲಿ ಬರೆದಿಡಬೇಕು. ಇಲ್ಲವಾದರೆ ಮನೆಯ ಡಿಸ್ಕಿನಲ್ಲಿ ಟ್ರ್ಯಾಕ್ 01 ಎಂಬ ಹೆಸರಿನ ನೂರು ಕಡತಗಳು ಉಳಿಯುತ್ತವೆ.